ಖಾಲಿ ಕಲ್ಲಿನ ಸಾಕ್ಷಿ

ಮಿಕ್ಸಿಯೊಳಗ ಏನರ ಇದ್ದರ ಅದು ಗೊಣಗತೈತಿ, ಏನೂ ಇಲ್ಲದಿದ್ದರ ಒದರತೈತಿ. ಇದನ್ನ ತಿಳಿಯಾಕ ಸಾಲಿ ಕಲೀಬೇಕಾಗಿಲ್ಲ. ಹೊರಗ ಕಟ್ಟಿ ಮ್ಯಾಲೆ ಕುಂತು, ಒಳಗ ಮೊಮ್ಮಗನ ಹೆಂಡತಿ ಸವಿತಾ ಶೇಂಗಾ ಹಿಂಡಿ ಮಾಡಾಕತ್ತಾಳೋ, ಖಾಲಿ ಮಿಕ್ಸಿ ತಿರುವಾಕತ್ತಾಳೋ ನಾ ಹೇಳಬಲ್ಲೆ. ವಾರದಾಗ ಎರಡು ಮೂರು ಸಲ ಖಾಲಿನ ತಿರುವತಾಳ. "ಖಾಲಿ ಐತದು!" ಅಂತ ಒದರತೇನಿ, ಬಂದ್ ಮಾಡತಾಳ. ಇಷ್ಟು ಶಾಣ್ಯಾ ಕಿವಿ ಇರೋ ನಾನು ಒಂದು ಖಾಲಿ ಕಲ್ಲಿನ ವಿಷಯದಾಗ ನಲವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ ಅಂದ್ರ ನೀವು ನಂಬೂದಿಲ್ಲ.

ಅಕ್ಷರದ ವಿಷಯ ಮೊದಲ ಹೇಳಿಬಿಡತೇನಿ. ನಾ ಕಲಿತದ್ದು ಮುದುಕಿ ಆದಮ್ಯಾಲೆ, ನಮ್ಮ ಯಂಕಂಚಿಯ ಅಂಗನವಾಡಿ ಗ್ವಾಡಿ ನೋಡಿ. ಒತ್ತಕ್ಷರ ಕಂಡರ ಸುತ್ತು ಹಾಕಿ ಹೋಗತೇನಿ. ಆದರ ಒಂದು ದೊಡ್ಡ ಶಬ್ದ ಗೊತ್ತೈತಿ: ಸಾಕ್ಷ್ಯಚಿತ್ರ. ಕುಮುದಬಾಯಿ ಮಾಡೂದು ಅದನ್ನ. ಈ ಸೀಮ್ಯಾಗ ಹೆಗಲ ಮ್ಯಾಲೆ ಕ್ಯಾಮೆರಾ ಹೊತ್ತುಕೊಂಡು ಬಂದ ಮೊದಲನೇ ಹೆಣಮಗಳು ಆಕಿ. ಆಗ ಕ್ಯಾಮೆರಾ ಆಡಿನ ಮರಿಯಷ್ಟಿತ್ತು. ಕಟ್ಟಿದ ಕಥಿ ಬ್ಯಾಡ, ಬಣ್ಣ ಬಳಕೊಂಡವರು ಬ್ಯಾಡ, ಇದ್ದದ್ದು ಇದ್ದಂಗ ಹಿಡಿಯೂದು ಆಕಿ ಪಣ. ಯಾರಿಗೂ 'ಇದನ್ನ ಮಾಡು' ಅನ್ನೂದಿಲ್ಲ. ತಾನಾಗಿ ಆಗೂತನಕ ಕುಂತಿರತಾಳ.

ನಮ್ಮ ಮನ್ಯಾಗ ಕುಂತಳು, ಒಂಬತ್ತು ದಿನ. ಆಕಿಗೆ ಬೀಸುವ ಕಲ್ಲಿನ ಚಿತ್ರ ಬೇಕಾಗಿತ್ತು. ಊರಿಗೆ ಗಿರಣಿ ಬಂದು, ಕಲ್ಲು ಮೂಲಿ ಸೇರಿತ್ತು. ಅದನ್ನ ನಾವು ಹೇಳಲಿಲ್ಲ, ಆಕಿ ಕೇಳಲಿಲ್ಲ. ಕುಂತದ್ದು ಒಲಿ ಮುಂದ, ನಾ ರೊಟ್ಟಿ ಬಡಿಯೂ ಜಾಗಾದಾಗ. ಹತ್ತು ಮಂದಿಯ ರೊಟ್ಟಿ ನಾ ಮೂಲ್ಯಾಗ ಮುದುಡಿಕೊಂಡು ಬಡದೆ. ಹತ್ತನೇ ದಿನ ಮುಂಜಾನೆ ತಡೀಲಿಲ್ಲ. ಕಲ್ಲು ಎಳಕೊಂಡು ಕುಂತು ತಿರುವಿದೆ. ಜೋಳ ಹಾಕಲಿಲ್ಲ. ಕಲ್ಲಿಗೆ ಉಳಿ ಪೆಟ್ಟು ಹಾಕಿಸಿ ಎರಡು ವರ್ಷ ಆಗಿತ್ತು. ಸವೆದ ಕಲ್ಲಿಗೆ ಹಾಕಿದ ಜೋಳ ಹಿಟ್ಟೂ ಆಗೂದಿಲ್ಲ, ನುಚ್ಚೂ ಆಗೂದಿಲ್ಲ. ಕಂಡರಿಯದ ಪರಊರಾಕಿ ಸಲುವಾಗಿ ಹಿಡಿ ಜೋಳ ಕೆಡಸೂವಂಥ ಉದಾರಿ ನಾ ಅಲ್ಲ. ಆಕಿ ಕಣ್ಣಾಗ ನೀರು ತುಂಬಿಕೊಂಡು ಕ್ಯಾಮೆರಾದಾಗ ನನ್ನ ಮಾರಿ ಹಿಡಿದಳು, ಹಿಟ್ಟು ನೋಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಸಿಂದಗಿಗೆ ಹೋದಳು. ನನಗ ನನ್ನ ಜಾಗಾ ಸಿಕ್ಕಿತು.

ಆ ಚಿತ್ರದಿಂದ ಆಕಿ ದೊಡ್ಡಾಕಿ ಆದಳು. ಮುಳವಾಡದ ಕಾಲುವಿ, ಸಿಂದಗಿ ತೊಗರಿ ಬಜಾರ, ಹಿಂಗ ಒಂದರ ಮ್ಯಾಲೊಂದು ಚಿತ್ರ ತೆಗೆದಳು. ಕ್ಯಾಮೆರಾ ಸಣ್ಣದಾಗಕೋತ ಹೋತು, ಹೆಸರು ದೊಡ್ಡದಾಗಕೋತ ಹೋತು. ಕಾಯೂದು ಹೆಂಗ ಅಂತ ದೊಡ್ಡ ದೊಡ್ಡ ಊರಾಗ ಪಾಠ ಹೇಳತಿದ್ದಳು. ಪಾಠದಾಗಿನ ಉದಾಹರಣಿ ನಾನು: ಒಂಬತ್ತು ದಿನ ಕಾದೆ, ಹತ್ತನೇ ದಿನ ಗಂಗವ್ವ ತಾನಾಗಿ ಬೀಸಿದಳು. ಕೇಳಿದವರ್ಯಾರೂ ಜಲ್ಮದಾಗ ಬೀಸಿದವರಲ್ಲ, ತಲಿ ಆಡಿಸಿದರು. ಸಾಕ್ಷಿ ಅಂದ್ರ ಕಂಡದ್ದನ್ನ ಹೇಳೂದು. ಆಕಿ ಕಂಡದ್ದನ್ನ ಹೇಳಿದಳು; ಕಾಣಿಸಿದಾಕಿ ಸುಳ್ಳಿ. ನಾ ಬಾಯಿ ಬಿಟ್ಟರ ಆಕಿ ಜೀವಮಾನದ ಪಾಠ ಮಕಾಡೆ ಬೀಳತೈತಿ ಅಂತ, ಬಂದಾಗೆಲ್ಲ ಬಿಸಿ ರೊಟ್ಟಿ ಹಾಕಿ ಸುಮ್ಮನಾಗತಿದ್ದೆ.

ಹೋದ ತಿಂಗಳು ಸಿಂದಗಿಯ ಒಂದು ಕಾಲೇಜಿನಾಗ ಆಕಿಗೆ ಶಾಲು ಹೊದಿಸಿದರು. ನನ್ನನ್ನೂ ನಮ್ಮೂರ ಮಂದಿನ್ನೂ ಕರೆಸಿದ್ದರು. ಹಳೇ ಚಿತ್ರ ತೊಳೆದು ಹೊಸಾದು ಮಾಡತಾರಂತ, ಅದಕ್ಕ ಮೊದಲು ಒಮ್ಮೆ ತೋರಿಸಿದರು. ಪರದೆ ಮ್ಯಾಲೆ ಕಲ್ಲು ತಿರುಗಿತು. ಗರ್ ಗರ್. ಪಕ್ಕದ ಮನಿ ಹುಸೇನಬಿ ನನ್ನ ಮಗ್ಗಲದಾಗ ಕುಂತಿದ್ದಳು. ಆಕಿ ಮೆಲ್ಲಕ ಮಾತಾಡಿದರ ಬಸ್ ಸ್ಟ್ಯಾಂಡಿಗೆ ಕೇಳತೈತಿ.

"ಏ ಗಂಗಿ, ಹಿಟ್ಟೆಲ್ಲೈತಿ?"

ನಮ್ಮೂರ ಮುದುಕ್ಯಾರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಹಿಂಗ ಬೀಸಿದ್ದಕ್ಕ ನಿಮ್ಮತ್ತಿ ಮನ್ಯಾಗ ಹೆಂಗ ಇಟ್ಟುಕೊಂಡಳವಾ?" ಅಂತ ಹಿಂದಿನಿಂದ ಒಬ್ಬಾಕಿ.

ಚಿತ್ರ ಮುಗಿದಮ್ಯಾಲೆ ಕುಮುದಬಾಯಿ ಮೈಕಿನಾಗ ಕೇಳಿದಳು: "ಗಂಗವ್ವ, ಅವರು ಯಾಕ ನಕ್ಕರು?"

ನಾನೂ ನಕ್ಕು ಬಿಡಬಹುದಿತ್ತು. ಆದರ ನಲವತ್ತು ವರ್ಷದಾಗ ಆ ಕಲ್ಲಿನ ಬಗ್ಗೆ ಆಕಿ ಒಂದು ಪ್ರಶ್ನಿ ಕೇಳಿದ್ದು ಅದ ಮೊದಲು. ಎದ್ದು ನಿಂತೆ.

"ಕಲ್ಲು ಖಾಲಿ ಇತ್ತು, ಬಾಯಿ."

"ಯಾಕ?"

"ನೀ ಎದ್ದು ಹೋಗಲಿ ಅಂತ."

ಆಕಿ ಹೆಗಲ ಮ್ಯಾಲಿನ ಶಾಲು ಜಾರಿತು. ಶಿಷ್ಯರೆಲ್ಲ ಯಾರದೋ ಹೆಣದ ಮಣ್ಣಿಗೆ ಬಂದವರಂಗ ನಿಂತರು.

"ಒಂಬತ್ತು ದಿನ ಗಂಗವ್ವ! ಒಂದು ಮಾತು ಹೇಳಬಾರದಾಗಿತ್ತೇನ?"

"ನೀ ಒಂದು ಮಾತು ಕೇಳಬಾರದಾಗಿತ್ತೇನ?"

ಆಕಿ ಕುರ್ಚಿ ಮ್ಯಾಲೆ ಕುಂತಳು. ಮತ್ತ ಒಂಬತ್ತು ದಿನ ಕುಂತುಬಿಡತಾಳೇನೋ ಅನಿಸಿತು. ಆಮ್ಯಾಲೆ ಹಾಳಿ, ಪೆನ್ನು ತರಿಸಿ ನನ್ನ ಮುಂದಿಟ್ಟಳು. "ಬರಿ. ಹೊಸಾ ಚಿತ್ರದ ಮೊದಲಿಗೆ ಇದನ್ನ ಹಾಕತೇನಿ." ಯಾರಿಗೂ ಮಾಡು ಅನ್ನದಾಕಿ ಹಂಗಂದಳು. ನಾ ಬೆವತು ಬೆವತು ಬರದೆ: 'ಈ ಕಲ್ಲು ಕಾಲಿ ಐತಿ. ಗಂಗವ್ವ.' (ಇಲ್ಲಿ ಉಳಿದ ಕಡೆ ಆ ಶಬ್ದ ಸರಿ ಕಂಡರ ಅದು ಸವಿತಾ ತಿದ್ದಿದ್ದು.) ಮಾಸ್ತರೊಬ್ಬರು ಬಗ್ಗಿ ನೋಡಿ, "ಖಾಲಿಗೆ ಮಹಾಪ್ರಾಣ ಬರತೈತ್ರಿ" ಅಂದರು.

"ಇರಲಿ ಬಿಡ್ರಿ" ಅಂದಳು ಕುಮುದಬಾಯಿ. "ಬರಿ ಅಂದದ್ದ ಸಾಕು. ತಿದ್ದು ಅನ್ನಾಕ ನನ್ನ ಕೈಲಿ ಆಗೂದಿಲ್ಲ."

ನಿನ್ನಿ ಒಳಗ ಮಿಕ್ಸಿ ಮತ್ತ ಒದರಿತು. ನಾ ಒದರಲಿಲ್ಲ. ಮೊಣಕಾಲು ಹಿಡಕೊಂಡು ಎದ್ದು ಅಡಗಿ ಮನಿಗೆ ಹೋಗಿ ಕೇಳಿದೆ: "ಯಾಕ ಖಾಲಿ ತಿರುವತಿ?"

ಸವಿತಾನ ಕಿವ್ಯಾಗ ಫೋನು ಇತ್ತು. "ಸಪ್ಪಳ ನಿಂತರ ನೀವು ಕರೀತೀರಿ, ಅಮ್ಮಾ. ನಮ್ಮವ್ವನ ಕೂಡ ಒಂದು ಮಾತೂ ಮುಗಿಯೂದಿಲ್ಲ."

"ಹಂಗಾರ ತಿರುವು" ಅಂದೆ. ಹೊರಗ ಬಂದು ಕುಂತೆ.