ಹನ್ನಾ ಅಜ್ಜಿ ನನ್ನಮ್ಮನೊಡನೆ ಆಡಿದ ಮಾತು

"ಫೋನ್ ಒಂದ್ಸಲ ನನಗೆ ಕೊಡ್ತೀಯಾ?" ಎಂದು ಹನ್ನಾ ಅಜ್ಜಿ ಕೈ ಚಾಚಿದಾಗ ನನಗೆ ಅಚ್ಚರಿಯಾಯಿತು. ನಾನು ನೈರೋಬಿಯಲ್ಲಿ ಫಿಸಿಯೋಥೆರಪಿಸ್ಟ್. ನಗರದಂಚಿನ ಕರೆನ್ ಬಡಾವಣೆಯಲ್ಲಿರುವ, ತೊಂಬತ್ತು ದಾಟಿದ ಈ ಅಜ್ಜಿಗೆ ವಾರಕ್ಕೊಮ್ಮೆ ಮೊಣಕಾಲಿನ ವ್ಯಾಯಾಮ ಮಾಡಿಸಲು ಹೋಗುತ್ತೇನೆ. ಅಂದು ಮಧ್ಯದಲ್ಲೇ ಮೈಸೂರಿನಿಂದ ಅಮ್ಮನ ಕರೆ ಬಂತು. ಊಟವಾಯಿತೇ, ಚಳಿಗೆ ಸ್ವೆಟರ್ ಹಾಕಿಕೊಂಡೆಯಾ ಎಂದು ವಿಚಾರಿಸಿದಳು. ಅಮ್ಮ ಏನು ಕೇಳುತ್ತಿದ್ದಾಳೆಂದು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಅಜ್ಜಿ ಜರ್ಮನಿಯ ಯಹೂದಿ. ಏಳು ವರ್ಷವಿದ್ದಾಗ ಅವರನ್ನು ಶಾಲೆಯಿಂದ ಹೊರಹಾಕಿದರು, ಅಪ್ಪನ ಟೈಲರ್ ಅಂಗಡಿಯ ಗಾಜು ಒಡೆದರು. ಚಿಕ್ಕಪ್ಪನ ಜೊತೆ ಕೆನ್ಯಾದ ಹಡಗು ಹತ್ತಿಸುವಾಗ ತಾಯಿ ಕೋಟಿನ ಗುಂಡಿ ಹಾಕುತ್ತಾ ಕೇಳಿದ್ದೂ ಇದನ್ನೇ ಅಂತೆ: ಹೊಟ್ಟೆ ತುಂಬಿದೆಯಾ, ಚಳಿಯಾಗುತ್ತಿಲ್ಲವಾ? ಹೆತ್ತವರನ್ನು ನಾಜಿ ಶಿಬಿರದಲ್ಲಿ ಕೊಂದ ಸುದ್ದಿ ಬಂದದ್ದು ಯುದ್ಧ ಮುಗಿದ ಮೇಲೆ. ಆಮೇಲೆ ಅಜ್ಜಿ ಜರ್ಮನ್ ಮಾತಾಡಲಿಲ್ಲ. ಪಿಯಾನೋ ಪಾಠ ಹೇಳಿ ಬದುಕಿದರು, ಮಕ್ಕಳನ್ನು ಇಂಗ್ಲಿಷಿನಲ್ಲೇ ಬೆಳೆಸಿದರು.

ಫೋನ್ ಕಿವಿಗಿಟ್ಟುಕೊಂಡ ಅಜ್ಜಿ, ಮೆಲ್ಲಗೆ ಜರ್ಮನ್‌ನಲ್ಲಿ ಶುರುಮಾಡಿದರು. ತಡವರಿಸಿದರು, ನಕ್ಕರು, ಅತ್ತರು. ಕನ್ನಡವಲ್ಲದೆ ಬೇರೇನೂ ಬಾರದ ನನ್ನಮ್ಮ ಆ ಕಡೆಯಿಂದ, "ಹೂಂ ಕಣಮ್ಮಾ... ಹೌದಾ ಕಂದಾ..." ಎನ್ನುತ್ತಲೇ ಇದ್ದಳು.

ಅಜ್ಜಿ ಏನು ಹೇಳಿಕೊಂಡರೋ ಅಮ್ಮನಿಗೆ ಗೊತ್ತಿಲ್ಲ, ನಾನೂ ಕೇಳಲಿಲ್ಲ. ಕಂಡರಿಯದ, ತನಗಿಂತ ಇಪ್ಪತ್ತು ವರ್ಷ ಹಿರಿಯ ಜೀವವನ್ನು 'ಕಂದಾ' ಎನ್ನಲು ಅಮ್ಮನಿಗೆ ಹೇಗೆ ತೋಚಿತೋ, ನನಗಿನ್ನೂ ಬೆರಗು.