ಸುಖದೇಯಿ ಅಮ್ಮನ ಭಾನುವಾರದ ರಾಮ

ಮಿರ್ಜಾಪುರದ ರೇಡಿಯೊ ರಿಪೇರಿಯ ಬಾಂಕೇಲಾಲ್ ಸುಖದೇಯಿ ಅಮ್ಮನನ್ನು ಮೊದಲು ಕಂಡದ್ದು ಒಂದು ಭಾನುವಾರದ ಬೆಳಿಗ್ಗೆ. ಅಮ್ಮನ ಓಣಿಗೆಲ್ಲ ಅವರದೊಂದೇ ಟಿ.ವಿ. ಪರದೆಯ ಮೇಲೆ ಧಾರಾವಾಹಿಯ ರಾಮ ಕಾಣಿಸಿಕೊಂಡೊಡನೆ ಅಮ್ಮ ಭಕ್ತಿಯಿಂದ ಗಂಗಾಜಲ ಪ್ರೋಕ್ಷಿಸಿದ್ದರು. ಪೆಟ್ಟಿಗೆ ಚಟ್ಟೆಂದು ಕತ್ತಲಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ಕುಳಿತಿದ್ದ ನೆರೆಹೊರೆಯವರೆಲ್ಲ ಕಂಗಾಲಾಗಿ ಅವನನ್ನು ಕರೆಸಿದ್ದರು.

"ಅಮ್ಮಾ, ರಾಮ ಸ್ನಾನ ಮಾಡ್ಕೊಂಡೇ ಬಂದಿದ್ನಲ್ಲ, ನೀವ್ಯಾಕೆ ಮತ್ತೆ ನೀರು ಹಾಕಿದ್ರಿ?" ಎಂದ ಬಾಂಕೇಲಾಲ್.

"ಬಾಯ್ಮುಚ್ಚೋ! ಸೇತುವೆ ಕಟ್ಟಿ ಮುಗಿಯೋದ್ರೊಳಗೆ ಸರಿ ಮಾಡ್ತೀಯೋ ಇಲ್ವೋ, ಅದನ್ನ ಹೇಳು."

ಅವನು ಹಿಂಬದಿ ಬಿಚ್ಚಿ, ಒರೆಸಿ, ಬೆಸುಗೆ ಹಾಕಿದ. ಕೊನೆಯ ಕಲ್ಲು ಕಡಲಿಗೆ ಬೀಳುವ ಹೊತ್ತಿಗೆ ಚಿತ್ರ ಮೂಡಿತು. ಅಂದಿನಿಂದ ಮೊದಲ ಪ್ರಸಾದ ಅವನಿಗೇ.

ಆ ಟಿ.ವಿ. ಕೆಟ್ಟು ವರ್ಷಗಳಾದವು. ಅಮ್ಮನಿಗೀಗ ತೊಂಬತ್ತು. ರಾಮನ ಆ ಮುಖವನ್ನೊಮ್ಮೆ ನೋಡಬೇಕೆಂದು ಅವರು ಹಂಬಲಿಸಿದಾಗ ಬಾಂಕೇಲಾಲ್ ಮೊಬೈಲಿನಲ್ಲಿ ಹಳೆಯ ಕಂತು ತೋರಿಸಿದ. ಅವರು ಮುಖ ತಿರುಗಿಸಿದರು.

"ಎಂಜಲು ಕೈಯಲ್ಲಿ ದೇವರನ್ನ ಹಿಡ್ಕೊಂಡು ನೋಡ್ತಾರೇನೋ? ನಮ್ಮ ರಾಮ ಪೆಟ್ಟಿಗೇಲೇ ಬರ್ಬೇಕು."

ಅವನು ಹಳೆಯ ಪೆಟ್ಟಿಗೆಯ ಒಡಲು ಬರಿದುಮಾಡಿ, ಒಳಗೆ ಹೊಸ ಪರದೆ ಕೂರಿಸಿ, ಮುಂದೆ ಗಾಜು ಬಿಗಿದ.

"ಪ್ರೋಕ್ಷಣೆ ಮಾಡಿ ಅಮ್ಮಾ, ಈ ಸಲ ನೆನೆಯೋದಿಲ್ಲ."

ಈಗ ಪ್ರತಿ ಭಾನುವಾರ ಬಾಂಕೇಲಾಲ್ ಹೊರಗೆ ಚಪ್ಪಲಿ ಬಿಟ್ಟು ಬಂದು ಕಂತು ಹಚ್ಚುತ್ತಾನೆ. ಅಮ್ಮ ಆರತಿ ಎತ್ತಿ, ಅವನ ಬಿಳಿ ಮೀಸೆಯನ್ನು ದಿಟ್ಟಿಸುತ್ತಾರೆ.

"ನೋಡೋ, ನಮ್ಮ ರಾಮನಿಗೆ ಒಂದು ಕೂದಲೂ ನೆರೆತಿಲ್ಲ. ನಿನಗೇನಾಯ್ತೋ?"