ಟ್ಯಾಂಕಿನ ಮುಚ್ಚಳದ ವಿಭೂತಿ

ಸುಮಿತ್ರಮ್ಮನಿಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ. ಗಂಡ ವೀರಪ್ಪ ಬ್ಯಾಡಗಿಯಿಂದ ಮೆಣಸಿನಕಾಯಿ ತರಿಸಿ ಮದ್ರಾಸಿನಲ್ಲಿ ಮಾರುತ್ತಿದ್ದ ಕಾಲಕ್ಕೆ ಮಾಲು ನೋಡಿ ಇಳಿಸಿಕೊಳ್ಳುತ್ತಿದ್ದವಳು ಆಕೆಯೇ. ಚೀಲದ ಬಾಯಲ್ಲಿ ಕೆಂಪಗೆ ಹೊಳೆಯುವ ಕಾಯಿ ತೋರಿಸಿದರೆ ಆಕೆ ಬೆಲೆ ಮಾತಾಡುತ್ತಿರಲಿಲ್ಲ. ಮೊಣಕೈ ತನಕ ಕೈ ಇಳಿಸಿ ತಳದ ಕಾಯಿ ಎತ್ತಿ ನೋಡುತ್ತಿದ್ದಳು. ವೀರಪ್ಪ ತೀರಿಕೊಂಡು, ಅಂಗಡಿ ಮುಚ್ಚಿ, ಮಗ ವೀರೇಶನ ಜೊತೆ ಅದೇ ಊರಿನ ಕ್ರೋಂಪೇಟೆಯಲ್ಲಿದ್ದರೂ ಆಕೆಯ ಆ ಗುಣ ಹೋಗಿಲ್ಲ.

ಇಂಥ ಹೆಂಗಸು ಸರಿಯಾಗಿ ಊಟವೂ ಇಲ್ಲದೆ ಮೂಲೆ ಹಿಡಿದು ಕೂತಳೆಂದರೆ ಯಾರು ನಂಬುತ್ತಾರೆ? ಕೂರಿಸಿದ್ದು ವೀರೇಶನ ಹೊಸ ಬೈಕು.

ಊರಿನ ಇನ್ನೊಂದು ತುದಿಯ ಮಣಲಿಯ ಕಾರ್ಖಾನೆಗೆ ಶಿಫ್ಟಿಗೆ ಹೋಗಲೆಂದು ವೀರೇಶ ಅದನ್ನು ಕೊಂಡಿದ್ದ. ತಂದ ದಿನವೇ ಸುಮಿತ್ರಮ್ಮ ಹೆಡ್‌ಲೈಟಿಗೆ ಮೂರು ಬೆರಳ ವಿಭೂತಿ ಎಳೆದಳು. ಬೆಳಕು ಮಂಕಾಗುತ್ತದೆಂದು ಮಗ ಗೋಗರೆದ. ಹಾಗಾದರೆ ಆಗಲಿ ಎಂದು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೇ ಅದರ ಹಣೆ ಮಾಡಿಕೊಂಡಳು. ಪ್ರತಿ ಸೋಮವಾರ ನೀರಲ್ಲಿ ಕಲಸಿದ ವಿಭೂತಿ, ದಪ್ಪಗೆ.

ತಿಂಗಳು ಕಳೆಯುವುದರೊಳಗೆ ಬೈಕು ನಡುದಾರಿಯಲ್ಲಿ ನಿಲ್ಲತೊಡಗಿತು. ಒಮ್ಮೆಯಂತೂ ಮಣಲಿ ರಸ್ತೆಯಲ್ಲಿ ಕಂಟೇನರ್ ಲಾರಿಯ ಮುಂದೆಯೇ ಉಸಿರು ಬಿಟ್ಟಿತು. ಲಾರಿಯವನು ಸ್ಟೀರಿಂಗ್ ತಿರುಗಿಸಿದ್ದರಿಂದ ವೀರೇಶ ಕೂದಲೆಳೆಯಲ್ಲಿ ಪಾರಾದ. ಮೊಣಕೈಯ ಚರ್ಮ ಕಿತ್ತುಹೋಯಿತು. ಶೋರೂಮಿನವರು ಎರಡು ಸಲ ನೋಡಿ "ಒಣ್ಣುಮಿಲ್ಲೆ ಸಾರ್", ಏನೂ ದೋಷವಿಲ್ಲ ಎಂದು ಕಳಿಸಿದರು. ಮೂರನೆಯ ಸಲ ಸರ್ವಿಸ್ ಮ್ಯಾನೇಜರ್ ಮುರಳೀಧರನ್ ಮುಚ್ಚಳವನ್ನು ಉಗುರಿನಿಂದ ಕೆರೆದು ಬಿಳಿ ಪುಡಿ ತೋರಿಸಿದ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತಿದೆ, ಅದು ಕಟ್ಟಿಕೊಂಡರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದಿಲ್ಲ, ಇದು ಗಿರಾಕಿಯ ತಪ್ಪು, ಇದಕ್ಕೆ ವಾರಂಟಿ ಇಲ್ಲ ಎಂದ.

ವೀರೇಶ ಮನೆಯಲ್ಲಿ ಇದನ್ನು ನಗುತ್ತಲೇ ಹೇಳಿದ. ಹೆಂಡತಿ ಬಿಂದು "ಅಷ್ಟೇನಾ, ತೊಳೆದ್ರಾಯ್ತು" ಎಂದಳು. ಮಗನನ್ನು ಲಾರಿಯ ಮುಂದೆ ತಳ್ಳಿದ್ದು ತನ್ನ ಕೈಯೇ ಎಂದು ಸುಮಿತ್ರಮ್ಮನಿಗೆ ಮಾತ್ರ ಅನ್ನಿಸಿತು. ಅದನ್ನು ಯಾರಿಗೂ ಹೇಳದೆ ಮೂಲೆ ಹಿಡಿದಳು.

ಮುಚ್ಚಳ ತೊಳೆದ ಮೇಲೂ ಬೈಕು ನಿಂತಿತು. ಪುಡಿ ಒಳಗೆ ಟ್ಯಾಂಕಿಗೆ ಇಳಿದಿರಬೇಕು ಎಂದ ಮುರಳೀಧರನ್. ವೀರೇಶನೋ, ಬೇರೆಯವರು ಕಾಲು ತುಳಿದರೆ ತಾನೇ ಸಾರಿ ಕೇಳುವ ಪೈಕಿ.

"ಬಿಡವ್ವಾ, ತಪ್ಪು ನಮ್ದೇ. ನಾನೇ ಕಾಸು ಕೊಟ್ಟು ರಿಪೇರಿ ಮಾಡಿಸ್ಕೊಳ್ತೀನಿ."

"ತಪ್ಪು ನಂದಿದ್ರ ನನಗ ಗೊತ್ತಾಗ್ಬೇಕು. ಅವರದಿದ್ರ ಅವರಿಗೆ ಗೊತ್ತಾಗ್ಬೇಕು. ನಡಿ" ಎಂದು ಸುಮಿತ್ರಮ್ಮ ಬಿಂದುವಿನ ಹೆಲ್ಮೆಟ್ ಕೈಗೆತ್ತಿಕೊಂಡಳು.

ಆಕೆಯ ತಮಿಳಿನಲ್ಲಿ ಅರ್ಧ ಬ್ಯಾಡಗಿಯಿದೆ. ಆದರೂ ಯಾರಿಗೂ ಅರ್ಥವಾಗದೆ ಹೋದದ್ದಿಲ್ಲ.

"ಎಲ್ಲಿ ತನಕ ಓಡಿಸಿ ನೋಡಿದಿ ತಂಬಿ?" ಎಂದು ಶೋರೂಮಿನಲ್ಲಿ ಮುರಳೀಧರನನ್ನು ಕೇಳಿದಳು.

"ಸಿಗ್ನಲ್ ತನಕ ಹೋಗಿ ಬಂದೆ ಅಮ್ಮಾ. ಸೂಪರಾಗಿ ಓಡಿತು."

"ಅದು ಚೀಲದ ಬಾಯಿ ನೋಡಿದಂಗಾತು. ಟ್ಯಾಂಕ್ ಬಿಚ್ಚಿ ನನ್ನ ಕಣ್ಮುಂದ ತೊಳಿ. ಹೊಸ ಪೆಟ್ರೋಲ್ ಹಾಕು. ಆಮ್ಯಾಲ ನೀನ ಓಡಿಸು, ಹಿಂದ ನಾ ಕೂಡ್ತೀನಿ. ಮಣಲಿ ತನಕ ಹೋಗೂಣು. ನಿಲ್ಲಲಿಲ್ಲಾಂದ್ರ ನಿನಗ ಕೈ ಮುಗದು ಮನಿಗೆ ಹೋಗ್ತೀನಿ."

ಮುರಳೀಧರನ್ ನಕ್ಕ. ಕಂಪನಿಯ ರೂಲ್ಸಿನಲ್ಲಿ ಇಲ್ಲ ಎಂದ. ಸುಮಿತ್ರಮ್ಮ ವಾದಕ್ಕಿಳಿಯಲಿಲ್ಲ. ಮಾರಾಟದ ಬೈಕುಗಳ ನಡುವೆ ಕುರ್ಚಿ ಎಳೆದುಕೊಂಡು, ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟು ಕೂತಳು. ಕೊಳ್ಳಲು ಬಂದವರಿಗೆಲ್ಲ "ಚೆಂದ ಐತೆಪ್ಪಾ, ದಾರ್‍ಯಾಗ ನಿಲ್ತೈತಿ ಅಷ್ಟ" ಎಂದು ಉಪಚಾರದ ಮಾತು ಹೇಳಿದಳು. ಊಟದ ಹೊತ್ತಿಗೆ ಟ್ಯಾಂಕ್ ತೊಳೆದಾಯಿತು, ಮುರಳೀಧರನ್ ಹೆಲ್ಮೆಟ್ ಹಾಕಿದ್ದೂ ಆಯಿತು.

ಬೈಕಿನ ಮೇಲೆ ಅವರಿಬ್ಬರು, ಹಿಂದೆ ಮ್ಯಾನೇಜರನ ಸ್ಕೂಟರಿನಲ್ಲಿ ವೀರೇಶ. ಮೇ ತಿಂಗಳ ಬಿಸಿಲು. ಬೈಕು ಕುದುರೆಯ ಹಾಗೆ ಓಡಿತು. ಮಾಧವರಂ ದಾಟಿದ ಮೇಲೆ ಮುರಳೀಧರನ್ ಹಾಡು ಗುನುಗತೊಡಗಿದ. "ನೋಡಿದ್ರಾ ಅಮ್ಮಾ, ಎಲ್ಲಿ ನಿಂತಿತು? ಎಲ್ಲಾ ಆ ಪುಡಿಯ ಕೆಲಸ" ಎಂದ.

ಬೈಕು ಮುಂದೆ ಹೋದಷ್ಟೂ ತಪ್ಪು ಸುಮಿತ್ರಮ್ಮನ ತಲೆಗೇ ಬರುತ್ತಿತ್ತು. ಹೋಗಲಿ, ವಾರಂಟಿ ಮನೆ ಹಾಳಾಗಲಿ. ಆದರೆ ಹೆತ್ತ ಮಗನ ಪ್ರಾಣಕ್ಕೆ ತಾನೇ ಮುಳುವಾಗಿದ್ದೆನೆಂದು ಗೊತ್ತಾದ ಮೇಲೆ ಆ ಮನೆಯಲ್ಲಿ ತುತ್ತು ಇಳಿಯುವುದು ಹೇಗೆ? ಸುತ್ತ ಲಾರಿಗಳು ಭೋರ್ಗರೆಯುತ್ತಿದ್ದವು. ಅವುಗಳ ನಡುವೆ ಕೂತು "ನಿಲ್ಲಿಸಪ್ಪಾ ಶಿವನೇ, ಇದನ್ನ ನಿಲ್ಲಿಸು" ಎಂದು ಬೇಡಿಕೊಂಡವಳು ಆಕೆಯೊಬ್ಬಳೇ ಇರಬೇಕು.

ಮಣಲಿಯ ಎಣ್ಣೆ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಬೈಕು ಎರಡು ಸಲ ಕೆಮ್ಮಿತು. ಆಮೇಲೆ ಸತ್ತಿತು. ಹಿಂದಿನಿಂದ ಲಾರಿಯೊಂದು ಕಿವಿ ಕಿತ್ತುಹೋಗುವಂತೆ ಹಾರನ್ ಹೊಡೆಯಿತು. ಸುಮಿತ್ರಮ್ಮ ಧುಮುಕಿ ಹಿಂದಿನಿಂದ ತಳ್ಳಿದಳು, ಮುರಳೀಧರನ್ ಎಳೆದ. ಹೇಗೋ ರಸ್ತೆಯ ಪಕ್ಕ ಸೇರಿದರು. ಅವನು ಬೈಕನ್ನು ಸ್ಟ್ಯಾಂಡಿಗೆ ಹಾಕಿದ. ಮುಚ್ಚಳ ತೆಗೆದು ನೋಡಿದ, ಲಕಲಕ ಹೊಳೆಯುತ್ತಿತ್ತು. ಸ್ಟಾರ್ಟರ್ ಒತ್ತಿದ, ಮತ್ತೆ ಒತ್ತಿದ. ಟ್ಯಾಂಕಿಗೆ ಕಿವಿಗೊಟ್ಟು ಕೇಳಿದ. ಒಳಗಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪು ಸದ್ದೇ ಮಾಡುತ್ತಿರಲಿಲ್ಲ.

ವೀರೇಶ ಸ್ಕೂಟರ್ ನಿಲ್ಲಿಸಿ ಓಡಿಬಂದಾಗ ಅವ್ವ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಹೆದರಬೇಡಿ ಅಮ್ಮಾ" ಎಂದ ಮುರಳೀಧರನ್. "ಬಿಸಿಯಾದರೆ ಪಂಪು ನಿಲ್ಲುತ್ತಿದೆ. ವಾರಂಟಿಯಲ್ಲೇ ಹೊಸದು ಹಾಕಿಕೊಡ್ತೀನಿ."

"ಪಂಪು ಆಮ್ಯಾಲ ಹಾಕೀಯಂತ. ಮೊದಲು ಇವಂಗ ಹೇಳು, ಇವನ್ನ ಲಾರಿ ಮುಂದ ಕೆಡವಿದ್ದು ಇವನವ್ವ ಅಲ್ಲ ಅಂತ."

ವೀರೇಶನಿಗೆ ಅವ್ವ ಇಷ್ಟು ದಿನ ಏನನ್ನು ನುಂಗಿಕೊಂಡಿದ್ದಳೆಂದು ಆಗ ತಿಳಿಯಿತು. ಅವನು ಆಕೆಯ ಪಕ್ಕ ಕುಸಿದು ಕೂತ.

ಮುರಳೀಧರನ್ ಹೆಲ್ಮೆಟ್ ತೆಗೆದು, ತಲೆ ತಗ್ಗಿಸಿ, "ಅಮ್ಮಾ ಮೇಲೆ ತಪ್ಪಿಲ್ಲೆ ಸಾರ್" ಎಂದ.

"ಜೋರಾಗಿ ಹೇಳು" ಎಂದಳು ಸುಮಿತ್ರಮ್ಮ, ಕಣ್ಣೊರೆಸಿಕೊಳ್ಳುತ್ತ. "ಲಾರಿ ಸದ್ದಿನ್ಯಾಗ ಕೇಳವಲ್ದು."